ಮಹಾಯುದ್ಧದ ಫಿರಂಗಿಗಳು ನಿಮ್ಮ ಕಪಾಟಿನಲ್ಲಿ: ಮಾಡೆಲ್ ಸಂಗ್ರಹ ಶುರು ಮಾಡುವುದು ಹೇಗೆ?

ಯುದ್ಧದ ಮಾಡೆಲ್ ಅಂದರೆ ಹೆಚ್ಚಿನವರು ಟ್ಯಾಂಕು, ವಿಮಾನಗಳ ಹಿಂದೆ ಬೀಳುತ್ತಾರೆ. ಫಿರಂಗಿಗಳನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಫಿರಂಗಿಯಷ್ಟು ಚೆಂದದ ಮಾಡೆಲ್ ಇನ್ನೊಂದಿಲ್ಲ. ಟ್ಯಾಂಕಿನ ಯಂತ್ರವೆಲ್ಲ ಉಕ್ಕಿನ ಹೊದಿಕೆಯೊಳಗೆ ಅಡಗಿರುತ್ತದೆ. ಫಿರಂಗಿಯಲ್ಲಿ ಗಾಲಿ, ನಳಿಕೆ, ಗುರಿ ಹಿಡಿಯುವ ಕೈಚಕ್ರ ಎಲ್ಲವೂ ಹೊರಗೇ ಕಾಣುತ್ತವೆ. ಆದರೆ ಸಿಕ್ಕಿದ್ದನ್ನೆಲ್ಲ ಕೊಂಡು ಕಪಾಟು ತುಂಬಿಸಿದರೆ ಅದು ಸಂಗ್ರಹ ಆಗುವುದಿಲ್ಲ. ಒಂದು ಅಳತೆ, ಒಂದು ಫಿರಂಗಿ, ಆಮೇಲೆ ಅದರ ಪರಿವಾರ. ಈ ಕ್ರಮದಲ್ಲಿ ಹೋಗಿ.

ಮೊದಲು ಅಳತೆ ನಿರ್ಧರಿಸಿ

ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು 1:35 (ಅಂದರೆ ಅಸಲಿಯ 35ನೇ ಒಂದು ಭಾಗ) ಮತ್ತು 1:72. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೆಯ ಕಿಟ್‌ಗಳು (ಬಿಡಿ ಭಾಗ ಅಂಟಿಸಿ ಕಟ್ಟುವ ಮಾಡೆಲ್‌ಗಳು) 1:76. ಎರಡನೇ ಮಹಾಯುದ್ಧದ ಬ್ರಿಟಿಷ್ 25 ಪೌಂಡರ್ (25 ಪೌಂಡ್ ತೂಕದ ಶೆಲ್ ಹಾರಿಸುವ) ಫಿರಂಗಿಯ ಉದ್ದ ಸುಮಾರು 4.6 ಮೀಟರ್. 1:35ರಲ್ಲಿ ಅದು 13 ಸೆಂ.ಮೀ. ಆಗುತ್ತದೆ, 1:72ರಲ್ಲಿ ಆರೂವರೆ ಸೆಂ.ಮೀ. ಮನೆಯಲ್ಲಿ ಒಂದೇ ಗಾಜಿನ ಕಪಾಟಿಗೆ ಜಾಗ ಇದ್ದರೆ 1:72 ಸಾಕು. ಕೈಚಕ್ರ, ನಟ್ಟು, ಬೋಲ್ಟು ಎಲ್ಲ ಕಣ್ಣಿಗೆ ಕಾಣಬೇಕು ಅನ್ನುವವರಿಗೆ 1:35.

ಯಾವುದನ್ನಾದರೂ ಆರಿಸಿ, ಆದರೆ ಬೆರೆಸಬೇಡಿ. ಕಾರಣ ಹೇಳುತ್ತೇನೆ. 25 ಪೌಂಡರ್ ನಳಿಕೆಯ ಬಾಯಿ 87.6 ಮಿ.ಮೀ. ಜರ್ಮನರ ಹೆಸರಾಂತ ವಿಮಾನವಿರೋಧಿ ಫಿರಂಗಿ ಫ್ಲಾಕ್ 36ರದ್ದು 88 ಮಿ.ಮೀ. 1:35ರಲ್ಲಿ ಎರಡೂ ಎರಡೂವರೆ ಮಿ.ಮೀ. ತೂತುಗಳೇ. ಆದರೆ 25 ಪೌಂಡರ್‌ನ ನಳಿಕೆ ಸುಮಾರು 7 ಸೆಂ.ಮೀ. ಇದ್ದರೆ ಫ್ಲಾಕ್‌ನದು 14 ಸೆಂ.ಮೀ. ಬಾಯಿ ಒಂದೇ, ಉದ್ದ ಎರಡು ಪಟ್ಟು! ಫ್ಲಾಕ್ ಹುಟ್ಟಿದ್ದು ಎತ್ತರದಲ್ಲಿ ಹಾರುವ ವಿಮಾನ ಹೊಡೆಯಲು. ಶೆಲ್ ಭಾರೀ ವೇಗದಲ್ಲಿ ಚಿಮ್ಮಬೇಕಾದರೆ ನಳಿಕೆ ಉದ್ದ ಇರಲೇಬೇಕು. 25 ಪೌಂಡರ್‌ನ ಮುಖ್ಯ ಕೆಲಸ ಗುಡ್ಡದಾಚೆ ಇರುವ ಶತ್ರುವಿನ ಮೇಲೆ ಬಾಗಿದ ದಾರಿಯಲ್ಲಿ ಶೆಲ್ ಹಾಕುವುದು. ಎರಡನ್ನೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಟ್ಟರೆ ಇದೆಲ್ಲ ತಾನಾಗಿಯೇ ಕಾಣುತ್ತದೆ. ಒಂದು 1:35, ಇನ್ನೊಂದು 1:72 ಆದರೆ ಏನೂ ತಿಳಿಯುವುದಿಲ್ಲ.

ಒಂದು ಫಿರಂಗಿ ಹಿಡಿದುಕೊಳ್ಳಿ

ಹೊಸಬರಿಗೆ ನಾನು ಹೇಳುವುದು 25 ಪೌಂಡರ್. ಹನ್ನೆರಡು ಕಿಲೋಮೀಟರ್ ದೂರಕ್ಕೆ ಹೊಡೆಯುತ್ತಿದ್ದ ಈ ಫಿರಂಗಿ ಮರುಭೂಮಿಯಲ್ಲೂ ಇತ್ತು, ಬರ್ಮಾದ ಕಾಡಿನಲ್ಲೂ ಇತ್ತು. 1942ರ ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಒಮ್ಮೆಲೇ ಗುಡುಗಿದ ಎಂಟುನೂರಕ್ಕೂ ಹೆಚ್ಚು ತೋಪುಗಳಲ್ಲಿ ಬಹುಪಾಲು ಇವೇ. ಆ ಯುದ್ಧದಲ್ಲಿ ನಾಲ್ಕನೇ ಭಾರತೀಯ ಡಿವಿಷನ್ ಕೂಡ ಇತ್ತು. ಸ್ವಾತಂತ್ರ್ಯದ ನಂತರವೂ ನಮ್ಮ ಸೇನೆ ಇದನ್ನು ಬಿಡಲಿಲ್ಲ. 1965 ಮತ್ತು 1971ರ ಯುದ್ಧಗಳಲ್ಲೂ ಬಳಸಿತು. ಅಂದಮೇಲೆ ಇದು ನಮಗೆ ಪರಕೀಯ ಅಲ್ಲ, ಅಲ್ವಾ?

ಆಮೇಲೆ ಪರಿವಾರ

ಫಿರಂಗಿ ಒಂಟಿಯಾಗಿ ಯುದ್ಧಕ್ಕೆ ಹೋಗುತ್ತಿರಲಿಲ್ಲ. 25 ಪೌಂಡರ್ ಎಳೆಯಲು ಮಾರಿಸ್ ಕಂಪನಿಯ 'ಕ್ವಾಡ್' ಗಾಡಿ ಇತ್ತು. ನಡುವೆ 32 ಶೆಲ್ ಹಿಡಿಸುವ ಎರಡು ಗಾಲಿಯ ಟ್ರೇಲರ್. ಜೊತೆಗೆ ಆರು ಜನ. ಫಿರಂಗಿಯ ಅಡಿಗೆ ಹಾಸುವ ದುಂಡನೆಯ ಕಬ್ಬಿಣದ ವೇದಿಕೆಯೂ ಇರುತ್ತಿತ್ತು. ಗಾಲಿಗಳು ಅದರ ಮೇಲೆ ಕೂತಮೇಲೆ ಇಡೀ ಫಿರಂಗಿಯನ್ನು ಒಬ್ಬನೇ ಯಾವ ದಿಕ್ಕಿಗಾದರೂ ತಿರುಗಿಸಬಹುದಿತ್ತು. ಕಿಟ್ ಕೊಳ್ಳುವಾಗ ಈ ವೇದಿಕೆ ಇದೆಯಾ ಅಂತ ಮರೆಯದೆ ನೋಡಿ.

ಶೆಲ್‌ಗಳ ವಿಷಯದಲ್ಲಿ ಹುಷಾರು. 88ರಲ್ಲಿ (ಫ್ಲಾಕ್ 36ಕ್ಕೆ ಇದೇ ಅಡ್ಡಹೆಸರು) ಶೆಲ್, ತೋಟಾ ಎರಡೂ ಸೇರಿ ಒಂದೇ ಉದ್ದನೆಯ ತುಂಡು. 25 ಪೌಂಡರ್‌ನಲ್ಲಿ ಮೊದಲು ಶೆಲ್ ತಳ್ಳಬೇಕು, ಆಮೇಲೆ ಹಿತ್ತಾಳೆಯ ತೋಟಾ. ತೋಟಾದೊಳಗೆ ಮದ್ದಿನ ಚೀಲಗಳು: ಕೆಂಪು, ಬಿಳಿ, ನೀಲಿ. ಎಷ್ಟು ದೂರ ಹೊಡೆಯಬೇಕೋ ಅದಕ್ಕೆ ತಕ್ಕಂತೆ ಚೀಲಗಳ ಲೆಕ್ಕ. ಹಾಗಾಗಿ ಸೈನಿಕರ ಗೊಂಬೆಗಳನ್ನು ಜೋಡಿಸುವಾಗ ಒಬ್ಬನ ಕೈಗೆ ಶೆಲ್, ಇನ್ನೊಬ್ಬನ ಕೈಗೆ ತೋಟಾ ಕೊಡಿ. ಅಕ್ಕಪಕ್ಕ ಖಾಲಿ ಹಿತ್ತಾಳೆ ತೋಟಾಗಳನ್ನು ಹರಡಿ. ತಿಳಿದವರು ಮೊದಲು ನೋಡುವುದು ಇದನ್ನೇ.

ರೆಡಿಮೇಡ್ಡೋ, ಕಿಟ್ಟೋ?

ಅಂಟು, ಬಣ್ಣದ ಕೆಲಸ ಬೇಡ ಅನ್ನುವವರಿಗೆ ಲೋಹದ ರೆಡಿಮೇಡ್ ಮಾಡೆಲ್‌ಗಳಿವೆ. ಬ್ರಿಟನ್ನಿನ ಡಿಂಕಿ ಕಂಪನಿ 1950ರ ದಶಕದಲ್ಲಿ 25 ಪೌಂಡರ್, ಟ್ರೇಲರ್, ಕ್ವಾಡ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡುತ್ತಿತ್ತು. ಹಳೆಯ ಡಿಂಕಿ ಕೊಳ್ಳುವಾಗ ಎರಡು ಮಾತು ನೆನಪಿಡಿ. ಮೂಲ ಪೆಟ್ಟಿಗೆ ಇದ್ದರೆ ಬೆಲೆ ಏರುತ್ತದೆ. ಮತ್ತೆ ಬಣ್ಣ ಬಳಿದಿದ್ದರೆ ಇಳಿಯುತ್ತದೆ. ಚಿಪ್ಪೆದ್ದ ಮೂಲ ಬಣ್ಣವೇ ಹೊಳೆಯುವ ಹೊಸ ಬಣ್ಣಕ್ಕಿಂತ ಮೇಲು.

ನಾನಂತೂ ಕಿಟ್ ಪರ. ಒಂದೊಂದು ಭಾಗ ಅಂಟಿಸುತ್ತಾ ಹೋದಂತೆ ಫಿರಂಗಿ ಹೇಗೆ ಕೆಲಸ ಮಾಡುತ್ತಿತ್ತು ಅಂತ ಕೈಗೇ ತಿಳಿಯುತ್ತದೆ. ಜಪಾನಿನ ತಮಿಯಾ 1970ರ ದಶಕದಲ್ಲಿ ತಂದ 1:35 ಕಿಟ್‌ನಲ್ಲಿ ಸೈನಿಕರ ಗೊಂಬೆಗಳೂ ಇವೆ, ಜೋಡಿಸುವುದೂ ಸುಲಭ. ಕೈ ಪಳಗಿದ ಮೇಲೆ ಸೂಕ್ಷ್ಮ ಭಾಗಗಳು ಜಾಸ್ತಿ ಇರುವ ಕಿಟ್‌ಗೆ ಹೋಗಿ.

ದುಡ್ಡು ಕೊಡುವ ಮುಂಚೆ

ಪ್ಲಾಸ್ಟಿಕ್ ಕಿಟ್ಟಿನ ಅಚ್ಚು ದಶಕಗಟ್ಟಲೆ ಬಾಳುತ್ತದೆ. ಏರ್‌ಫಿಕ್ಸ್‌ನ 25 ಪೌಂಡರ್, ಕ್ವಾಡ್ ಜೋಡಿ 1960ರ ದಶಕದ್ದು. ಅದೇ ಅಚ್ಚಿನಿಂದ ಮತ್ತೆ ಮತ್ತೆ ಹೊಸ ಪೆಟ್ಟಿಗೆಯಲ್ಲಿ ಬಂದಿದೆ. ಹಾಗಾಗಿ ಯಾರಾದರೂ 'ಅಪರೂಪದ್ದು, ಇನ್ನು ಸಿಗಲ್ಲ' ಅಂದರೆ ತಕ್ಷಣ ದುಡ್ಡು ಬಿಚ್ಚಬೇಡಿ. ಪೆಟ್ಟಿಗೆಯ ಮೇಲಿನ ನಂಬರ್ ನೋಡಿ, ಮರುಮುದ್ರಣ ಬಂದಿದೆಯಾ ವಿಚಾರಿಸಿ. ವಿದೇಶದಿಂದ ತರಿಸುವುದಾದರೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಅಂಟು, ಥಿನ್ನರ್ ಬೆಂಕಿ ಹಿಡಿಯುವ ವಸ್ತುಗಳು. ವಿಮಾನದ ಪಾರ್ಸೆಲ್‌ನಲ್ಲಿ ತೊಂದರೆಯಾಗಬಹುದು. ಅವನ್ನು ಇಲ್ಲೇ ಕೊಳ್ಳಿ.

ಇನ್ನೊಂದು, ನಳಿಕೆಯ ತುದಿ ನೋಡಿ. ಹಿಂದಕ್ಕೆ ಒದೆಯುವ ರಭಸ ತಗ್ಗಿಸಲು ಅಲ್ಲಿ ಮಜಲ್ ಬ್ರೇಕ್ ಅನ್ನುವ ದಪ್ಪನೆಯ ಭಾಗ ಇರುತ್ತದೆ. 25 ಪೌಂಡರ್‌ಗೆ ಇದು ಬಂದದ್ದು 1942ರಲ್ಲಿ, ಟ್ಯಾಂಕ್ ಹೊಡೆಯಲು ಜೋರು ಮದ್ದು ಹಾಕಬೇಕಾದಾಗ. ನೀವು 1941ರ ಮರುಭೂಮಿಯ ಫಿರಂಗಿ ತೋರಿಸುತ್ತಿದ್ದರೆ ಬ್ರೇಕ್ ಇಲ್ಲದ ನಳಿಕೆಯೇ ಬೇಕು.

ಜೋಡಣೆ, ಬಣ್ಣ

ಹಳೆಯ ಕಿಟ್‌ಗಳಲ್ಲಿ ನಳಿಕೆ ಉದ್ದಕ್ಕೆ ಸೀಳಿದ ಎರಡು ಹೋಳಾಗಿ ಬರುತ್ತದೆ. ಅಂಟಿಸಿ ಒಂದು ದಿನ ಬಿಡಿ. ಆಮೇಲೆ 600, ಕೊನೆಗೆ 1000 ನಂಬರಿನ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ, ನಳಿಕೆ ತಿರುಗಿಸುತ್ತಾ ಮೆಲ್ಲಗೆ ಉಜ್ಜಿ. ಒಂದೇ ಕಡೆ ಉಜ್ಜಿದರೆ ದುಂಡು ಚಪ್ಪಟೆಯಾಗುತ್ತದೆ. ಬೆರಳಿಗೆ ಗೆರೆ ತಾಕಬಾರದು, ಅಲ್ಲಿಯವರೆಗೂ ಬಿಡಬೇಡಿ. ಬೇಸರ ಅನ್ನಿಸಿದರೆ ಅಲ್ಯುಮಿನಿಯಂ ನಳಿಕೆಗಳು ಬಿಡಿಯಾಗಿಯೂ ಸಿಗುತ್ತವೆ.

ಬಣ್ಣ ರಣರಂಗದ ಪ್ರಕಾರ. ಉತ್ತರ ಆಫ್ರಿಕಾಕ್ಕೆ ಮರಳಿನದು, ಬರ್ಮಾಕ್ಕೆ ಕಡು ಹಸಿರು. ಮೊದಲು ಪ್ರೈಮರ್, ಆಮೇಲೆ ತೆಳುವಾಗಿ ಎರಡು ಮೂರು ಪದರ.

ಇಡುವುದು, ಬರೆದಿಡುವುದು

ಎತ್ತುವಾಗ ನಳಿಕೆ ಹಿಡಿಯಬೇಡಿ. ಅಡಿಯ ಚೌಕಟ್ಟು ಹಿಡಿದು ಎತ್ತಿ. ಧೂಳಿಗೆ ಮೆತ್ತನೆಯ ಮೇಕಪ್ ಬ್ರಷ್ ಸಾಕು. ಬಿಸಿಲು ಬೀಳುವ ಕಿಟಕಿ ಬಳಿ ಇಟ್ಟರೆ ಡಿಕಾಲ್‌ಗಳು (ಮಾಡೆಲ್ ಮೇಲೆ ಅಂಟಿಸುವ ಗುರುತು, ಅಕ್ಷರಗಳು) ಹಳದಿಯಾಗುತ್ತವೆ. ಮಳೆಗಾಲದಲ್ಲಿ ಕಪಾಟಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಂಪನಿ, ಕಿಟ್ ನಂಬರ್, ಕೊಟ್ಟ ಬೆಲೆ, ಬಳಸಿದ ಬಣ್ಣಗಳ ಹೆಸರು ಬರೆಯಿರಿ. ಎರಡು ವರ್ಷ ಬಿಟ್ಟು ಟ್ರೇಲರ್ ಕೊಂಡಾಗ ಫಿರಂಗಿಯ ಅದೇ ಬಣ್ಣ ಬೇಕಾಗುತ್ತದೆ. 25 ಪೌಂಡರ್, ಟ್ರೇಲರ್, ಕ್ವಾಡ್ ಮೂರೂ ಮುಗಿದ ಮೇಲೆ ಅದೇ ಅಳತೆಯಲ್ಲಿ 88 ತನ್ನಿ. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ತಯಾರಾದ ರಷ್ಯನ್ನರ ಜಿಸ್-3 ಫಿರಂಗಿ ತರಬಹುದು.