ಮೊಹೇರ್ ಸ್ವೆಟರ್‌ನ ಜೋಡಣೆ ಮುಚ್ಚಿಡಬೇಡಿ, ಅಲ್ಲೇ ಬಣ್ಣ ತುಂಬಿ

ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲು. ಅಂಗೋರಾ ಮೊಲದ ನೂಲೇ ಬೇರೆ, ಕೊಳ್ಳುವಾಗ ಲೇಬಲ್ ನೋಡಿ. ಹಗುರ ಸ್ವೆಟರಿಗೆ ರೇಷ್ಮೆ ಬೆರೆತ ತೆಳು ಎಳೆ ಚೆನ್ನ, 25 ಗ್ರಾಂ ಉಂಡೆಯಲ್ಲಿ ಸುಮಾರು 210 ಮೀಟರ್ ಬರುವಂಥದ್ದು. 5-6 ಉಂಡೆ ಇಟ್ಟುಕೊಳ್ಳಿ.

ಈ ಬಟ್ಟೆ ಮೋಡದ ಹಾಗೆ ಇರುತ್ತದೆ, ಆದರೆ ತನ್ನಷ್ಟಕ್ಕೆ ನಿಲ್ಲುವ ಬಲ ಇಲ್ಲ. ಪಕ್ಕ, ಭುಜ ಎಲ್ಲ ಜೋಲುತ್ತವೆ. ಅದನ್ನು ಹಿಡಿದು ನಿಲ್ಲಿಸುವುದೇ ಜೋಡಣೆ, ಅಂದರೆ ತುಂಡುಗಳು ಒಂದಕ್ಕೊಂದು ಸೇರುವ ಜಾಗ. ಹಾಗಾಗಿ ಅದನ್ನು ಒಳಗೆ ಅಡಗಿಸುವ ಬದಲು ಹೊರಗೇ ತಂದು ಎರಡು ಬಣ್ಣದ ಪಟ್ಟಿ ಮಾಡೋಣ. ಪಟ್ಟಿಗೆ ಮೊಹೇರ್ ಬೇಡ, ನಯವಾದ ತೆಳು ಉಲ್ಲನ್ ತೆಗೆದುಕೊಳ್ಳಿ. ಗಾಢ ಬಣ್ಣವಾದರೆ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಆ ನೂಲು ಬೇಡವೇ ಬೇಡ.

ಮೊದಲು ಸ್ಯಾಂಪಲ್. 5 ಮಿ.ಮೀ. ಕಡ್ಡಿಯಲ್ಲಿ, ಮರದ್ದಾದರೆ ಒಳ್ಳೆಯದು, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. 10 ಸೆ.ಮೀ.ಗೆ 18 ಕುಣಿಕೆ, 24 ಸಾಲು ಬಂತು ಅಂದುಕೊಳ್ಳಿ. ಸ್ವೆಟರಿನ ಸುತ್ತಳತೆ 100 ಸೆ.ಮೀ. ಬೇಕು. ಎರಡೂ ಪಕ್ಕದ ಪಟ್ಟಿಗಳು ಸೇರಿ ಸುಮಾರು 6 ಸೆ.ಮೀ. ತಿನ್ನುತ್ತವೆ, ಅದನ್ನು ಕಳೆದರೆ ಮುಂಭಾಗ, ಹಿಂಭಾಗ ತಲಾ 47 ಸೆ.ಮೀ., ಅಂದರೆ 85 ಕುಣಿಕೆ. ಈ ಲೆಕ್ಕ ಮರೆತರೆ ಸ್ವೆಟರ್ ದೊಗಳೆ ಆಗುತ್ತದೆ.

ಎರಡೂ ಭಾಗಗಳನ್ನು ಕಂಕುಳವರೆಗೆ ಸರಿಯಾಗಿ 76 ಸಾಲು ಹೆಣೆಯಿರಿ. ಒಂದು ಸಾಲೂ ಹೆಚ್ಚುಕಮ್ಮಿ ಆಗಬಾರದು. ಪ್ರತಿ 20 ಸಾಲಿಗೊಮ್ಮೆ ಕುಣಿಕೆಗಳೊಳಗೆ ನಯವಾದ ದಾರ ಹಾಯಿಸಿಡಿ, ಯಾಕೆಂದರೆ ಮೊಹೇರಿನ ನಾರುಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಚ್ಚುವುದು ನಿಜಕ್ಕೂ ಕಷ್ಟ, ತಪ್ಪಾದರೆ ಈ ದಾರದವರೆಗೆ ಮಾತ್ರ ಬಿಚ್ಚಿದರೆ ಸಾಕು. ಬಿಚ್ಚಲೇಬೇಕಾದರೆ ಚೀಲದಲ್ಲಿ ಹಾಕಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ, ಆಮೇಲೆ ಎಳೆಯದೆ ಒಂದೊಂದೇ ಕುಣಿಕೆ ಬಿಡಿಸಿ.

ಕಂಕುಳ ಮೇಲಿನ ಭಾಗ, ತೋಳುಗಳನ್ನೂ ಹೆಣೆದು, ತುಂಡುಗಳನ್ನು ಒಗೆದು, ಹರವಿ ಒಣಗಿಸಿದ ಮೇಲೆ ಪಟ್ಟಿ. 3.5 ಮಿ.ಮೀ. ಸರ್ಕ್ಯುಲರ್ ಕಡ್ಡಿ, ಅಂದರೆ ಎರಡು ತುದಿಗಳ ನಡುವೆ ಬಾಗುವ ತಂತಿ ಇರುವ ಕಡ್ಡಿ ತೆಗೆದುಕೊಳ್ಳಿ. ಮೊದಲ ಬಣ್ಣದಲ್ಲಿ ಪಕ್ಕದ ಅಂಚಿನಿಂದ ಪ್ರತಿ 4 ಸಾಲಿಗೆ 3 ಕುಣಿಕೆ ಎತ್ತಿ, ಒಟ್ಟು 57. ಮುಂದಿನ ಸಾಲು ಅದೇ ಬಣ್ಣದಲ್ಲಿ ಉಲ್ಟಾ. ಮೂರನೇ ಸಾಲಿನಲ್ಲಿ ಒಂದು ಕುಣಿಕೆ ಮೊದಲ ಬಣ್ಣ, ಒಂದು ಎರಡನೇ ಬಣ್ಣ, ಹೀಗೆ ಕೊನೆತನಕ. ನಾಲ್ಕನೆಯದು ಮತ್ತೆ ಮೊದಲ ಬಣ್ಣದಲ್ಲಿ ಉಲ್ಟಾ. ಇಷ್ಟು ಸರಳ ವಿನ್ಯಾಸ ಸಾಕಾ ಅನ್ನಿಸಬಹುದು. ಸಾಕು. ತೆಳು ಬಟ್ಟೆ ಅಲ್ವಾ, ದೊಡ್ಡ ವಿನ್ಯಾಸವಾದರೆ ಹಿಂದೆ ಉದ್ದಕ್ಕೆ ಹಾದುಹೋದ ದಾರ ಮುಂದೆ ನೆರಳಿನ ಹಾಗೆ ಕಾಣುತ್ತದೆ, ಎಳೆದು ಬಿಗಿಯೂ ಆಗುತ್ತದೆ.

ಇನ್ನೊಂದು ಭಾಗದ ಅಂಚಿಗೂ ಇನ್ನೊಂದು ಸರ್ಕ್ಯುಲರ್ ಕಡ್ಡಿಯಲ್ಲಿ ಹೀಗೇ ಮಾಡಿ. ಈಗ ಎರಡೂ ಕಡ್ಡಿಗಳನ್ನು ಅಕ್ಕಪಕ್ಕ ಹಿಡಿಯಿರಿ, ಒಳಮೈ ಒಳಮೈಗೆ ತಾಗಬೇಕು. ಒಂದರ ತುದಿ ಎದುರು ದಿಕ್ಕಿಗೆ ಬಂದಿರುತ್ತದೆ, ಕುಣಿಕೆಗಳನ್ನು ಸರ್ಕ್ಯುಲರಿನ ಆಚೆ ತುದಿಗೆ ಜಾರಿಸಿದರೆ ಸರಿಹೋಗುತ್ತದೆ. ಎರಡನೇ ಬಣ್ಣದ ದಾರ ಹಿಡಿದು, ಮೂರನೇ ಕಡ್ಡಿಯಿಂದ ಎರಡೂ ಕಡೆಯ ಒಂದೊಂದು ಕುಣಿಕೆ ಸೇರಿಸಿ ಸೀದಾ ಹೆಣೆಯಿರಿ. ಮುಂದಿನ ಜೋಡಿಯನ್ನೂ ಹೆಣೆದು ಮೊದಲನೆಯದನ್ನು ಅದರ ಮೇಲಿಂದ ದಾಟಿಸಿ. ಸಾಗುತ್ತಾ ಹೋದಂತೆ ಹೊರಗಡೆ ಜಡೆ ಹೆಣೆದ ಹಾಗೆ ಏಣು ಏಳುತ್ತದೆ, ಅದನ್ನು ನೋಡುವಾಗ ಆಗುವ ಖುಷಿಯೇ ಬೇರೆ. ಸಡಿಲವಾಗಿ ಮುಚ್ಚಿ, ಬಿಗಿಯಾದರೆ ಪಕ್ಕ ಮೇಲಕ್ಕೆ ಸೆಳೆಯುತ್ತದೆ.

ಭುಜಕ್ಕೆ ಪಟ್ಟಿ ಬೇಡ, ಇದೇ ರೀತಿ ಮುಚ್ಚಿದರೆ ಸಾಕು. ತೋಳುಗಳನ್ನು ಮೊಹೇರಿನಲ್ಲಿ ಹೊಲಿಯಬೇಡಿ, ಸಿಕ್ಕಾಗುತ್ತದೆ. ಅದೇ ಬಣ್ಣದ ನಯ ಉಲ್ಲನ್ ಬಳಸಿ. ಬಣ್ಣದ ದಾರಗಳ ತುದಿಗಳನ್ನು ಪಟ್ಟಿಯ ಹಿಂದೆಯೇ ಸೇರಿಸಿ, ಮೊಹೇರಿನೊಳಗೆ ತೂರಿಸಿದರೆ ಹೊರಗೆ ಕಾಣುತ್ತವೆ.