ಬಿಯರಿನ ಚೀಲಕ್ಕೆ ತೊಟ್ಟಿಲ ಕೊಂಡಿ

ಹೋದ ತಿಂಗಳು ಅಕ್ಕನ ಮಗ ಪಣಜಿಗೆ ಕರೆದ. ‘ಚಿಕ್ಕಮ್ಮ, ಮನೆಯಲ್ಲೇ ಬಿಯರ್ ಮಾಡ್ತಿದ್ದೀನಿ, ಬಂದು ನೋಡು’ ಅಂತ. ವಾಸ್ಕೋದಿಂದ ಬಸ್ಸು ಹತ್ತಿ ಹೋದೆ. ಆ ಮಹಾರಾಯ ಒಂದು ಗಂಟೆ ನೆಂದ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಚೀಲವನ್ನು ಪಾತ್ರೆಯಿಂದ ಎತ್ತಿದ, ಎರಡು ಸಲ ಕುಲುಕಿದ, ತೊಟ್ಟಿಕ್ಕುತ್ತಿರುವಾಗಲೇ ಕಸದ ಬುಟ್ಟಿಗೆ ಹಾಕಿದ. ನೆಲವೆಲ್ಲ ಅಂಟು. ‘ಹಿಂಡಬಾರದಂತೆ ಚಿಕ್ಕಮ್ಮ, ಒಗರು ಬರುತ್ತಂತೆ’ ಎಂದು ನನಗೇ ಪಾಠ ಬೇರೆ. ಒಗರು ಹಿಂಡಿದ್ದಕ್ಕೆ ಬರುವುದಿಲ್ಲ ಕಣಪ್ಪ. ಕಾಳನ್ನು ಕುದಿಸಿದರೆ ಬರುತ್ತದೆ, ಇಲ್ಲವೇ ಕುದಿಯುವ ನೀರನ್ನು ಮತ್ತೆ ಮತ್ತೆ ಸುರಿದು ಜಾಲಿಸಿದರೆ ಬರುತ್ತದೆ. ಹತ್ತು ಲೀಟರ್ ಬಿಯರಿಗೆ ಹಾಕಿದ ಮಾಲ್ಟಿನ ಚೀಲ ಹಿಂಡದೆ ಬಿಸಾಡಿದರೆ ಲೀಟರಿಗೂ ಮಿಕ್ಕಿ ಸಿಹಿನೀರು ಕಸಕ್ಕೆ ಹೋಯಿತು ಅಂತಲೇ ಲೆಕ್ಕ. ನನ್ನ ಹೊಟ್ಟೆ ಉರಿದುಹೋಯಿತು.

ನಾನು ಕೊಡಗಿನವಳು. ಅವ್ವ ನೆಲ್ಲಿಕಾಯಿ ವೈನನ್ನು ಭರಣಿಯಲ್ಲಿ ಕಟ್ಟಿಟ್ಟರೆ ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನು ನಾವು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಮದುವೆಯಾಗಿ ಮುರಗಾಂವ್ ಬಂದರಿನ ಕೆಲಸದವರ ಜೊತೆ ಗೋವೆಗೆ ಬಂದ ಮೇಲೆ ನನಗೆ ಬಿಯರಿನ ಹುಚ್ಚು ಹಿಡಿಯಿತು. ಮೂರು ಮೂರು ಪಾತ್ರೆ, ನಲ್ಲಿ, ಪೈಪು ಎಂದು ಪಡಿಪಾಟಲು ಪಡುವುದು ಬೇಡ, ಒಂದೇ ಪಾತ್ರೆ, ಒಂದೇ ಚೀಲ ಸಾಕು ಎಂದು ಆಸ್ಟ್ರೇಲಿಯಾದ ಮನೆಬಿಯರಿನವರು 2000ರ ದಶಕದಲ್ಲಿ ತೋರಿಸಿಕೊಟ್ಟರಂತೆ. ಮೊಸರು ಕಟ್ಟಿ ನೇತುಹಾಕುವ ನಮಗೆ ಅದರಲ್ಲಿ ಹೊಸದೇನು? ಅಂದಹಾಗೆ, ಗೋವೆ ಅಂದ ಮಾತ್ರಕ್ಕೆ ಎಲ್ಲ ನಡೆಯುತ್ತದೆ ಅಂದುಕೊಳ್ಳಬೇಡಿ. ಅಬಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಕೈ ಹಾಕಿ.

ಮಾಲ್ಟನ್ನು ಕಡಂಬುಟ್ಟಿನ ಅಕ್ಕಿತರಿಯ ಹದಕ್ಕೆ ಒಡೆಸಿ. ಹಿಟ್ಟಾದರೆ ಚೀಲದ ಕಣ್ಣು ಮುಚ್ಚಿಕೊಂಡು ನೀರು ಇಳಿಯುವುದೇ ಇಲ್ಲ. ಎರಡೂವರೆ ಕಿಲೋಗೆ ಹದಿನೈದು ಲೀಟರ್ ನೀರು, ಅತ್ತಿತ್ತ ಒಂದು ಚೊಂಬು ಆದರೆ ಮುಳುಗಿಹೋಗುವುದೇನಿಲ್ಲ. ಪಾತ್ರೆಯ ತಳಕ್ಕೆ ಇಡ್ಲಿತಟ್ಟೆ ಬೋರಲು ಹಾಕಿ, ಇಲ್ಲದಿದ್ದರೆ ಚೀಲ ತಳಕ್ಕೆ ಅಂಟಿ ಸುಡುತ್ತದೆ. ನೀರು 70 ಡಿಗ್ರಿಗೆ ಬಂದಾಗ ಉರಿ ಆರಿಸಿ, ಮಾಲ್ಟು ಸುರಿದು ಗಂಟಿಲ್ಲದ ಹಾಗೆ ಕಲಸಿದರೆ 66ರ ಹತ್ತಿರ ನಿಲ್ಲುತ್ತದೆ. ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುವುದು ಆ ಬಿಸಿಯಲ್ಲೇ. 75 ದಾಟಿಸಿದಿರೋ, ಆ ಕೆಲಸ ಮಾಡುವ ಕಿಣ್ವಗಳು ಸತ್ತವು. ಮುಚ್ಚಳ ಹಾಕಿ ಕಂಬಳಿ ಹೊದಿಸಿ ಒಂದು ಗಂಟೆ ಸುಮ್ಮನಿರಿ. ಐದೈದು ನಿಮಿಷಕ್ಕೆ ಮುಚ್ಚಳ ತೆಗೆದು ಇಣುಕುವುದು, ಫೋಟೋ ತೆಗೆಯುವುದು ಯಾಕೆ? ಅನುಮಾನವಿದ್ದರೆ ಕೊನೆಗೆ ಬಿಳಿ ಬಸಿಯಲ್ಲಿ ಒಂದು ಚಮಚ ನೀರು ತೆಗೆದು ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಪ್ಪಾದರೆ ಪಿಷ್ಟ ಇನ್ನೂ ಇದೆ, ಕಾಯಿರಿ. ಆ ಬಸಿಯದನ್ನು ಮಾತ್ರ ಚೆಲ್ಲಿಬಿಡಿ.

ಈಗ ಚೀಲದ ವಿಷಯ. ನಮ್ಮ ಮನೆಯ ತೊಲೆಯಲ್ಲಿ ಮಗ ಹುಟ್ಟಿದಾಗ ಹಾಕಿಸಿದ ತೊಟ್ಟಿಲ ಕೊಂಡಿ ಇದೆ. ಮಗನಿಗೆ ಈಗ ತಲೆ ನರೆತಿದೆ, ಕೊಂಡಿ ಮಾತ್ರ ಅಲ್ಲಾಡಿಲ್ಲ. ಮೊದಲು ಚೀಲದ ಬಾಯನ್ನು ಒಟ್ಟುಮಾಡಿ, ಒಳಗಿನ ಗಾಳಿ ಹೊರಟ ಮೇಲೆ ಗಟ್ಟಿ ಹಗ್ಗದಿಂದ ಮೂರು ಸುತ್ತು ಬಿಗಿದು, ಕೈ ತೂರುವಷ್ಟು ಕುಣಿಕೆ ಬಿಡುತ್ತೇನೆ. ಇಬ್ಬರು ಹಿಡಿದು ನಿಧಾನಕ್ಕೆ ಎತ್ತಬೇಕು. ನೀರು ಕುಡಿದ ಚೀಲ ಮೊದಲಿಗೆ ಎಂಟು ಕಿಲೋ ಮೇಲೆಯೇ ತೂಗುತ್ತದೆ, ಒಬ್ಬರೇ ಶೌರ್ಯ ತೋರಿಸಲು ಹೋಗಿ ಕಾಲು ಸುಟ್ಟುಕೊಳ್ಳಬೇಡಿ. ಎತ್ತಿದ್ದನ್ನು ಪಕ್ಕದಲ್ಲಿಟ್ಟ ಅಗಲವಾದ ಸ್ಟೀಲ್ ಬೋಗುಣಿಗೆ ಇಳಿಸಿ, ಬೋಗುಣಿ ಸಮೇತ ಕೊಂಡಿಯ ಕೆಳಗೆ ಒಯ್ದು ಕುಣಿಕೆ ಸಿಕ್ಕಿಸಬೇಕು. ಚೀಲದ ತಳಕ್ಕೂ ಬೋಗುಣಿಗೂ ಒಂದು ಗೇಣು ಇರಲಿ. ದೊಡ್ಡ ಪಾತ್ರೆ ಒಲೆಯ ಮೇಲೆಯೇ ಇರುತ್ತದಲ್ಲ, ಅದಕ್ಕೆ ಉರಿ ಹಚ್ಚಿಬಿಡಿ, ಸಮಯ ಉಳಿಯುತ್ತದೆ.

ಮೊದಲ ಹತ್ತು ನಿಮಿಷ ಚೀಲವನ್ನು ಮುಟ್ಟಬೇಡಿ. ದಾರದ ಹಾಗೆ ಸುರಿಯುವುದು ಹನಿ ಹನಿಯಾದ ಮೇಲೆ ಚೀಲವನ್ನು ಕಾಲು ಸುತ್ತು ತಿರುಗಿಸಿ, ಹಾಗೇ ಹಿಡಿದು ನೂರು ಎಣಿಸಿ. ಮತ್ತೆ ಕಾಲು ಸುತ್ತು. ಬಾವಿಯ ಹತ್ತಿರ ಸೀರೆ ಹಿಂಡಿದ ಹಾಗೆ ಒಮ್ಮೆಲೇ ತಿರುಚಿದರೆ ಹೊಲಿಗೆ ಬಿಚ್ಚುತ್ತದೆ. ನಾಲ್ಕೈದು ಸುತ್ತಾದ ಮೇಲೆ ಅಂಚಿರುವ ಎರಡು ಊಟದ ತಟ್ಟೆ ತೆಗೆದುಕೊಂಡು, ಅವುಗಳ ಬೆನ್ನು ಚೀಲಕ್ಕೆ ತಾಗುವಂತೆ ಎರಡೂ ಕಡೆಯಿಂದ ಹಿಡಿದು, ಕೈಮುಗಿದ ಹಾಗೆ ಒತ್ತಬೇಕು. ಹೊಟ್ಟೆಯ ಭಾಗದಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಮೇಲಿಂದ ಒತ್ತಿದರೆ ಗಂಟಿನ ಹತ್ತಿರ ಉಬ್ಬಿ ಮುಖಕ್ಕೇ ಚಿಮ್ಮುತ್ತದೆ. ಬಿಸಿ ತಡೆಯದಿದ್ದರೆ ಕೈಗೆ ರಬ್ಬರ್ ಗವಸು. ಕೊನೆಯ ಹನಿ ನಾಲಿಗೆಗೆ ಹಚ್ಚಿ ನೋಡಿ, ಮೊದಲ ಹನಿಯ ಸಿಹಿಯೇ ಇರುತ್ತದೆ. ಅದನ್ನೇ ಅಲ್ಲವೇ ಈಗಿನ ಹುಡುಗರು ಕಸಕ್ಕೆ ಹಾಕುವುದು! ಹುಡುಗ ಹೇಳಿದ, ಅವನ ಮನೆಯಲ್ಲಿ ತೊಟ್ಟಿಲ ಕೊಂಡಿ ಇಲ್ಲವಂತೆ. ಮದುವೆಗೇ ಒಪ್ಪದವನ ಮನೆಗೆ ಅದೆಲ್ಲಿಂದ ಬರಬೇಕು? ಅಲುಗಾಡದ ಏಣಿ ತಂದಿಟ್ಟುಕೋ ಅಂದೆ. ಪಿಒಪಿ ಛಾವಣಿಗೆ ಮೊಳೆ ಹೊಡೆದು ಚೀಲ ತೂಗುಹಾಕಿದರೆ ಛಾವಣಿ ಸಮೇತ ಕೆಳಗೆ ಬರುತ್ತದೆ.

ಚೀಲ ಪಾಲಿಯೆಸ್ಟರ್ ಪರದೆಬಟ್ಟೆಯದಿರಲಿ, ಎರಡೆರಡು ಹೊಲಿಗೆ ಹಾಕಿ. ಕೆಲಸ ಮುಗಿದ ತಕ್ಷಣ ಮಗುಚಿ ಬರೀ ನೀರಲ್ಲಿ ಜಾಲಿಸಿ ಒಣಗಿಸಿ. ವಾಷಿಂಗ್ ಮಷೀನಿಗೆ ಹಾಕಿ, ಮೇಲೆ ಆ ಹೂವಿನ ವಾಸನೆಯ ದ್ರಾವಣ ಸುರಿದರೆ ಬಿಯರ್ ಕುಡಿದವರಿಗೆ ಅಗರಬತ್ತಿ ತಿಂದ ಹಾಗಾಗುತ್ತದೆ. ಮೊಸರು ಕಟ್ಟುವ ಬಟ್ಟೆಗೂ ಇದೇ ಮಾತು. ಸೊಸೆಗೆ ಹೇಳಿ ಹೇಳಿ ಸಾಕಾಗಿ ಈಗ ನನ್ನ ಬಟ್ಟೆಗಳನ್ನು ನನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದೇನೆ. ಜುಲೈ ತಿಂಗಳಲ್ಲಿ ಗೋವೆಯ ಗಾಳಿಗೆ ಯಾವುದೂ ಒಣಗುವುದಿಲ್ಲ, ಫ್ಯಾನಿನ ಕೆಳಗೆ ಹರಡದಿದ್ದರೆ ಮೂರನೇ ದಿನ ಬೂಸ್ಟು.

ಬೋಗುಣಿಯದನ್ನು ದೊಡ್ಡ ಪಾತ್ರೆಗೆ ಸುರಿದು ಒಂದು ಗಂಟೆ ಕುದಿಸಿ, ಮುಚ್ಚಳ ಹಾಕದೆ. ಮುಚ್ಚಿದರೆ ಬೇಯಿಸಿದ ಜೋಳದ ವಾಸನೆ ಒಳಗೇ ಉಳಿಯುತ್ತದೆ. ಕುದಿ ಬಂದ ಹೊತ್ತಲ್ಲಿ ಹಾಲಿಗಿಂತ ಜೋರಾಗಿ ಉಕ್ಕುತ್ತದೆ, ಫೋನ್ ಬದಿಗಿಡಿ. ಕಹಿಗೆ ಅಂಗೈ ಗುಳಿ ತುಂಬುವಷ್ಟು ಹಾಪ್ಸ್ ಹೂ ಮೊದಲಿಗೇ, ಪರಿಮಳಕ್ಕೆ ಅಷ್ಟೇ ಇನ್ನೊಮ್ಮೆ ಇಳಿಸುವ ಮುಂಚೆ.

ಇಳಿಸಿದ ಮೇಲೆ ಮಡಿ. ಈಗಿನ ಹುಡುಗರು ಉಲ್ಟಾ, ಮಾಲ್ಟು ನೆನೆಸುವ ಮುಂಚೆ ಪಾತ್ರೆಯನ್ನು ಹತ್ತು ಸಲ ತೊಳೆಯುತ್ತಾರೆ, ಕುದಿಸಿ ತಣಿಸಿದ ಮೇಲೆ ಬೆರಳದ್ದಿ ರುಚಿ ನೋಡುತ್ತಾರೆ! ಕುದಿಯುವ ಮುಂಚಿನ ಕೊಳೆ ಕುದಿತದಲ್ಲಿ ಸಾಯುತ್ತದೆ, ಆಮೇಲಿನದು ಬಿಯರನ್ನು ಹುಳಿ ಮಾಡುತ್ತದೆ. ಮಜ್ಜಿಗೆ ಕಡೆದ ಕೈ, ಇಡ್ಲಿಹಿಟ್ಟಿನ ಸೌಟು ಆ ಕಡೆ ಸುಳಿಯಬಾರದು. ತಣಿದದ್ದಕ್ಕೆ ಯೀಸ್ಟು ಹಾಕಿ ಹುದುಗಲು ಬಿಡಬೇಕು. ಮಾಮೂಲಿ ಏಲ್ ಬಿಯರಿನ ಯೀಸ್ಟು ಕೇಳುವುದು ಇಪ್ಪತ್ತರ ಆಸುಪಾಸಿನ ತಂಪು, ನಮ್ಮಲ್ಲಿ ಅದೆಲ್ಲಿ? ಒದ್ದೆ ಬಟ್ಟೆ, ಐಸಿನ ಬಾಟಲಿ ಎಂದು ಒದ್ದಾಡಿ ಸಾಕಾಗಿ ನಾನೀಗ ನಾರ್ವೆಯ ಹಳ್ಳಿಮನೆಗಳ ಕ್ವೈಕ್ ಯೀಸ್ಟಿಗೆ ಬಂದಿದ್ದೇನೆ, 35 ಡಿಗ್ರಿಯಲ್ಲೂ ಬೇಸರವಿಲ್ಲದೆ ದುಡಿಯುತ್ತದೆ. ಅಲ್ಲಿಯವರು ಅದನ್ನು ಒಣಗಿಸಿಟ್ಟುಕೊಂಡು ತಲೆತಲಾಂತರಕ್ಕೆ ಸಾಗಿಸಿದರು, ನಾವು ಹೆಪ್ಪು ಉಳಿಸಿಕೊಂಡ ಹಾಗೆ.

ಬಾಟಲಿಗೆ ತುಂಬಲು ಅವಸರ ಬೇಡ. ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಲಿ, ಆಗ ಹುದುಗುವುದು ಮುಗಿಯಿತು ಅಂತ ಲೆಕ್ಕ. ಒಮ್ಮೆ ನಾನೇ ಅವಸರ ಮಾಡಿ, ನಡುರಾತ್ರಿ ಮಂಚದ ಕೆಳಗೆ ಎರಡು ಬಾಟಲಿ ಒಡೆದು, ನಮ್ಮವರು ಕಳ್ಳರೆಂದು ಕೋಲು ಹಿಡಿದು ಎದ್ದಿದ್ದರು. 650 ಮಿಲಿಯ ಬಿಯರ್ ಬಾಟಲಿಗೆ ಮಟ್ಟಸವಾಗಿ ಒಂದು ಚಹಾಚಮಚ ಸಕ್ಕರೆ, ಬಿರಡೆ, ಎರಡು ವಾರ ಕತ್ತಲು. ಹಿಂಡಿ ಉಳಿದ ಮಾಲ್ಟಿನಲ್ಲಿ ಒಂದು ಹಿಡಿ ಅಕ್ಕಿರೊಟ್ಟಿ ಹಿಟ್ಟಿಗೆ ಸೇರಿಸಿ, ಮಿಕ್ಕಿದ್ದನ್ನು ದನ ಸಾಕಿದವರಿಗೆ ಅವತ್ತೇ ಕೊಟ್ಟುಬಿಡಿ. ಈ ಸೆಖೆಗೆ ಮರುದಿನವೇ ನಾರುತ್ತದೆ.