ಕಾಕರಾಟ್ ಗೇಮಿನಲ್ಲಿ ಸೈಬಮೆನ್ ಗುಂಪನ್ನು ಹೀಗೆ ಎದುರಿಸಿ

'ಡ್ರಾಗನ್ ಬಾಲ್ ಝೀ: ಕಾಕರಾಟ್' (2020) ಹೊಸದಾಗಿ ಶುರು ಮಾಡಿದವರಿಗೆ ಒಂದು ಮಾತು. ಶತ್ರುಗಳಾಗಿ ಬರುವ ಆ ಹಸಿರು ಮೈಯ ಸೈಬಮೆನ್‌ಗಳನ್ನು ಪುಟ್ಟದಾಗಿವೆ ಅಂತ ಹಗುರವಾಗಿ ನೋಡಬೇಡಿ. ಒಂದೊಂದೇ ಬಂದರೆ ಸುಲಭ. ತೊಂದರೆ ಕೊಡುವುದು ಗುಂಪು. ನೀವು ಒಂದನ್ನು ಹೊಡೆಯುತ್ತಾ ಮೈಮರೆತರೆ ಇನ್ನೊಂದು ಹಿಂದಿನಿಂದ ಬರುತ್ತದೆ.

ಅದಕ್ಕೇ ಒಂದೇ ಸೈಬಮೆನ್‌ಗೆ ಅಂಟಿಕೊಳ್ಳಬೇಡಿ. ಲಾಕ್ (ಯಾವ ಶತ್ರುವಿನ ಮೇಲೆ ಗುರಿ ಇದೆಯೋ ಅದು) ಬದಲಿಸುತ್ತಾ ಇರಿ. ಸ್ವಲ್ಪ ದೂರ ಸರಿದು ಕೀ (ವಿಶೇಷ ದಾಳಿಗೆ ಬೇಕಾದ ಶಕ್ತಿ) ತುಂಬಿಸಿಕೊಳ್ಳಿ, ಆಮೇಲೆ ನುಗ್ಗಿ. ಸುಮ್ನೆ ಗುದ್ದುತ್ತಾ ಹೋದರೆ ಜಾಸ್ತಿ ಏಟು ತಿನ್ನುತ್ತೀರಿ. ಏಟು ತಡೆಯುವ ಗಾರ್ಡ್ ಬಟನ್ ಅಭ್ಯಾಸ ಮಾಡಿ, ಮುಂದಿನ ದೊಡ್ಡ ಕಾಳಗಗಳಿಗೂ ಅದೇ ಆಧಾರ. ಹೊರಡುವ ಮುಂಚೆ ನಿಮ್ಮ ಪಾತ್ರಕ್ಕೆ ಊಟ ಮಾಡಿಸಿ, ಗಾಯ ವಾಸಿಮಾಡುವ ಐಟಂಗಳನ್ನು ಕೈಗೆ ಸಿಗುವ ಹಾಗೆ ಜೋಡಿಸಿಡಿ. ನಿಮ್ಮ ಲೆವೆಲ್ ತುಂಬಾ ಮೇಲಿದ್ದರೆ ನಿಂತು ಹೋರಾಡುವುದೇ ಬೇಡ, ವೇಗವಾಗಿ ಹಾರಿ ಡಿಕ್ಕಿ ಹೊಡೆದರೆ ಸಾಕು.

ಕಥೆ ಗೊತ್ತಿದ್ದರೆ ಇವುಗಳ ಮೇಲೆ ಭಯ ತಾನಾಗಿಯೇ ಬರುತ್ತದೆ. ಖಳ ನಪ್ಪಾ ಬೀಜ ಬಿತ್ತಿ 6 ಸೈಬಮೆನ್ ಬೆಳೆಸುತ್ತಾನೆ. ಜಪಾನಿ ಭಾಷೆಯಲ್ಲಿ 'ಸೈಬೈ' ಅಂದರೆ ಬೆಳೆ ಬೆಳೆಸುವುದು, ಹೆಸರು ಬಂದದ್ದು ಅಲ್ಲಿಂದಲೇ. ಒಂದೊಂದರ ಶಕ್ತಿ 1200, ಅಂದರೆ ನಾಯಕ ಗೋಕುವಿನ ಅಣ್ಣ ರ‍್ಯಾಡಿಟ್ಜ್‌ಗೆ ಸಮ! ಗೋಕುವಿನ ಗೆಳೆಯ ಯಾಮ್ಚಾ ಗೆದ್ದೆ ಅಂದುಕೊಂಡ ಗಳಿಗೆಯಲ್ಲೇ ಬಿದ್ದಿದ್ದ ಸೈಬಮೆನ್ ಅವನನ್ನು ತಬ್ಬಿಕೊಂಡು ಸಿಡಿಯಿತು. ಆ ದೃಶ್ಯ ನೋಡಿ ನನಗೆ ನಿಜವಾಗಲೂ ಸಂಕಟವಾಗಿತ್ತು. ನಿಮಗೂ ಹಾಗೇ ಆಗಿತ್ತು ಅಲ್ವಾ?